ದೀಪ ಆರಿಸಿ ನೋಡಿ

ಅಕ್ಕ ಕ್ಯಾಮೆರಾ ಮುಂದೆ ಮಾತಾಡುತ್ತಾ ಇದ್ದವಳು ಹಾಗೇ ಮೇಜಿನ ಮೇಲೆ ತಲೆಯಿಟ್ಟಾಗ ಭಾವ ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ನನ್ನ ಲೈಟುಗಳನ್ನು.

"ಇಷ್ಟೊಂದು ಬೆಳಕು ಬೇಡ ಅಂತ ಎಷ್ಟು ಸಲ ಬಡ್ಕೊಂಡೆ. ನೋಡು, ನಿಮ್ಮಕ್ಕನ್ನ ಹುರಿದು ಹಾಕ್ತಿದೀಯ."

ನಾನು ಏಣಿಯ ಮೇಲಿದ್ದೆ. ಕೈಯಲ್ಲಿದ್ದ ಲೈಟನ್ನು ಅವನ ತಲೆಯ ಮೇಲೆ ಬಿಡದೆ ಹುಷಾರಾಗಿ ಕೆಳಗಿಳಿಸಿದೆನಲ್ಲ, ಅದಕ್ಕೇ ನನಗೊಂದು ಬಹುಮಾನ ಕೊಡಬೇಕಿತ್ತು. ಭಾವನಿಗೆ ಮುಖದೆದುರು ‘ನೀವು’ ಅನ್ನುತ್ತೇನೆ. ಬರೆಯುವಾಗ ಅಷ್ಟೊಂದು ಸೌಜನ್ಯ ನನ್ನ ಹತ್ತಿರ ಉಳಿದಿಲ್ಲ.

ಅಕ್ಕ ತುಂಬು ಬಸುರಿ. ಭಾವನ ಚಾನೆಲ್ಲಿಗೆ ಮುಖವೂ ಅವಳೇ, ದನಿಯೂ ಅವಳೇ. ಜನ ಫೋನು ಹಿಡಿದು ನೋಡುವುದು ಅವಳನ್ನು. ಅವಳು ಹುಬ್ಬೇರಿಸಿ ಒಂದು ಪ್ರಶ್ನೆ ಕೇಳಿದರೆ ಎದುರಿಗಿದ್ದ ದೊಡ್ಡ ಮನುಷ್ಯ ತೊದಲಬೇಕು, ಹಾಗಿದ್ದಳು. ಭಾವ ಮಾಡುತ್ತಿದ್ದುದು ಕ್ಯಾಮೆರಾ ಒತ್ತುವುದು, ಆಮೇಲೆ ಕೂತು ಕತ್ತರಿಸುವುದು, ಕತ್ತರಿಸಿದ್ದಕ್ಕೆ ಬೆಂಕಿ ಹಚ್ಚಿದಂಥ ತಲೆಬರಹ ಅಂಟಿಸುವುದು. ಲೈಟು, ಮೈಕು, ವೈರು, ಗೋಡೆ, ಕಸ, ಇವೆಲ್ಲ ನನ್ನ ಪಾಲು.

ಸ್ಟುಡಿಯೋ ಅಂದರೆ ಹಾಸಿಗೆ ಅಂಗಡಿಯ ಮೇಲಿನ ಒಂದು ಕೋಣೆ. ಒಂದೇ ಬಾಗಿಲು, ಒಂದೇ ಕಿಟಕಿ. ಕಿಟಕಿಯ ಕೆಳಗೆ ಬಸ್ಸು ನಿಲ್ಲುವ ಜಾಗ. ಮೊದಮೊದಲು ಹಾರ್ನಿನ ಸದ್ದು ಮೈಕಿಗೆ ಬರುತ್ತದೆಂದು ಕಿಟಕಿಗೆ ಒಂದು ಹಳೆಯ ಹಾಸಿಗೆ ನೇತುಹಾಕಿದೆವು. ಆಮೇಲೆ ಕಿಟಕಿಯ ರೆಕ್ಕೆ ಗಾಳಿಗೆ ಅಲುಗಾಡುತ್ತದೆಂದು ಅದನ್ನು ಚೌಕಟ್ಟಿಗೇ ಸ್ಕ್ರೂ ಹೊಡೆದು ಬಿಗಿದೆ. ಗೋಡೆಯಲ್ಲಿದ್ದ ಎಸಿ ಗುರ್ ಅನ್ನುತ್ತದೆಂದು ಕಳಚಿ, ಆ ಕಿಂಡಿಗೆ ಫೋಮ್ ತುರುಕಿದೆ. ಪಕ್ಕದ ಮನೆಯ ಮಿಕ್ಸಿಗೆ ಒಂದು ಪದರ, ಮೇಲೆ ಓಡಾಡುವವರ ಕಾಲಿಗೆ ಚಾವಣಿಗೊಂದು ಪದರ. ಕೆಳಗಿನ ಅಂಗಡಿಯವನು ಕತ್ತರಿಸಿ ಉಳಿದ ಫೋಮನ್ನೆಲ್ಲ ನಮಗೇ ಎಸೆಯುತ್ತಿದ್ದ, ಅವನಿಗೆ ಕಸ ಕಳೆದಂತಾಗುತ್ತಿತ್ತು.

ಅಷ್ಟರಲ್ಲಿ ಜನರೇಟರ್ ಧಣಿ ಬಂದ. ಊರಿಗೆಲ್ಲ ಡೀಸೆಲ್ ಜನರೇಟರ್ ಮಾರುವವನು. ನಮ್ಮ ಕಾರ್ಯಕ್ರಮದ ತಲೆಗೂ ಬಾಲಕ್ಕೂ ಅವನ ಜಾಹೀರಾತು ಬರುತ್ತಿತ್ತು. ಕರೆಂಟು ಪದೇ ಪದೇ ಹೋಗುತ್ತದೆಂದು ಭಾವ ಗೋಳಾಡಿದ್ದಕ್ಕೆ ಒಂದು ಜನರೇಟರನ್ನು ಉಡುಗೊರೆಯಾಗಿ ತಂದು ಮೆಟ್ಟಿಲಿನ ತಿರುವಿನಲ್ಲಿ ಕೂರಿಸಿದ, ನಮ್ಮ ಬಾಗಿಲಿನ ಮೂಗಿನ ಮುಂದೆಯೇ. ಬೇರೆ ಜಾಗ ಇರಲಿಲ್ಲ. ಅದು ಹೊತ್ತಿಕೊಂಡರೆ ಮೆಟ್ಟಿಲ ತುಂಬ ಹೊಗೆ, ಕಟ್ಟಡವೆಲ್ಲ ನಡುಕ. ಆ ಸದ್ದು ಒಳಗೆ ಬರಬಾರದೆಂದು ಬಾಗಿಲಿಗೂ ಗೋಡೆಗಳಿಗೂ ಮತ್ತೆ ದಪ್ಪನೆಯ ಪದರ ಹೊಡೆದೆ.

ಕೆಲಸ ಅಚ್ಚುಕಟ್ಟಾಗಿತ್ತು, ಅದನ್ನು ನಾನೇ ಹೇಳುತ್ತೇನೆ. ಎಲ್ಲೂ ಒಂದು ಬಿರುಕು ಬಿಡದ ಹಾಗೆ ಗೋಂದು ಹಚ್ಚಿ, ಪಿನ್ನು ಹೊಡೆದಿದ್ದೆ. ಒಳಗೆ ಚಪ್ಪಾಳೆ ತಟ್ಟಿದರೆ ಹತ್ತಿಯ ಮೂಟೆಗೆ ಗುದ್ದಿದಂತೆ ಕೇಳಿಸುತ್ತಿತ್ತು. ಭಾವ ಬೆನ್ನು ತಟ್ಟಿದ್ದ.

ಲೈಟುಗಳ ಕತೆ ಇದಕ್ಕೆ ಉಲ್ಟಾ. ಶುರುವಿನಲ್ಲಿ ಇದ್ದವು ದೊಡ್ಡ ಹಳದಿ ಬಲ್ಬುಗಳು, ಹತ್ತಿರ ಹೋದರೆ ಕೈಯ ಕೂದಲು ಸುಡುತ್ತಿದ್ದವು. ಆಗ ಕೋಣೆಯಲ್ಲಿ ಯಾರೂ ತಲೆ ಸುತ್ತಿ ಬಿದ್ದಿರಲಿಲ್ಲ. ಅವನ್ನು ತೆಗೆದು ಎಲ್ಇಡಿ ತಂದು ಎಷ್ಟೋ ಕಾಲವಾಗಿತ್ತು. ಈಗಿನವನ್ನು ಉರಿಯುವಾಗಲೇ ಬರಿಗೈಯಲ್ಲಿ ತಿರುಗಿಸುತ್ತೇನೆ. ಲೈಟು ತಣ್ಣಗಾಗುತ್ತಾ ಹೋಯಿತು, ಕೋಣೆ ಕಾಯುತ್ತಾ ಹೋಯಿತು. ಕಣ್ಣಿದ್ದವನಿಗೆ ಇಷ್ಟು ಸಾಲದೇ?

"ಬೇಕಿದ್ರೆ ಮುಟ್ಟಿ ನೋಡಿ ಭಾವ," ಎಂದು ಲೈಟನ್ನು ಅವನ ಮುಂದೆ ಹಿಡಿದೆ. "ಇದ್ರಿಂದ ಎಲ್ಲಿ ಬರತ್ತೆ ಸೆಕೆ? ಗೋಡೆ ಮೇಲಿನ ಹಾಸಿಗೆ ತೆಗೀರಿ. ಕಿಟಕಿ ಮೇಲಿಂದಾದ್ರೂ ತೆಗೀರಿ."

"ತೆಗೆದು? ಹಾರ್ನ್ ಕೇಳಿಸ್ಕೊಂಡು ಚರ್ಚೆ ಮಾಡ್ಬೇಕಾ?" ಅವನು ಮುಟ್ಟಲಿಲ್ಲ. "ಬೆಳಕು ಇದ್ದಲ್ಲಿ ಬಿಸಿ ಇರತ್ತೆ. ಶಾಲೆ ಅರ್ಧಕ್ಕೆ ಬಿಟ್ಟವನಿಗೆ ಇದನ್ನೂ ಬಿಡಿಸಿ ಹೇಳ್ಬೇಕಾ?"

"ಪೂರ್ತಿ ಓದಿದವ್ರು ನೀವೇನು ಕಡಿದು ಕಟ್ಟೆ ಹಾಕಿದೀರಿ?"

"ನೀವಿಬ್ರೂ ಹೊರಗೆ ಹೋಗಿ ಕಿತ್ತಾಡಿ," ಎಂದಳು ಅಕ್ಕ, ತಲೆ ಎತ್ತದೆ. "ಹೋಗೋಕ್ ಮುಂಚೆ ಯಾರಾದ್ರೂ ನೀರು ಕೊಡಿ."

ಆಮೇಲೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಅವಳಿಗೆ ಖಡಾಖಂಡಿತವಾಗಿ ಹೇಳಿದರು: ಮುಚ್ಚಿದ ಜಾಗದಲ್ಲಿ, ಸೆಕೆಯಲ್ಲಿ ಕೂರಬಾರದು. ತಾಯಿಯ ಮೈ ಕಾದರೆ ಒಳಗಿರುವುದಕ್ಕೂ ತಾಪ ತಟ್ಟುತ್ತದೆ, ಒಂದು ಸಲ ತಲೆ ಸುತ್ತಿದ್ದನ್ನು ಸಣ್ಣದೆಂದುಕೊಳ್ಳಬೇಡಿ. ಭಾವ ಎದುರಿಗೇ ನಿಂತು ತಲೆಯಾಡಿಸಿದ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಧಣಿಗೆ ಫೋನು ಮಾಡಿ ಮುಂದಿನ ಚರ್ಚೆಯ ದಿನ ಗೊತ್ತು ಮಾಡಿದ.

ಚರ್ಚೆಯ ವಿಷಯ ಕೇಳಿ ನನಗೆ ನಗಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ‘ಲೋಕ ಕಾಯುತ್ತಿದೆ: ತಪ್ಪು ಸೂರ್ಯನದೋ, ನಮ್ಮದೋ?’ ವಿಷಯ ಆರಿಸಿದ್ದು ಧಣಿ. ಎಲ್ಲಿ ಹೋದರೂ ಹೊಗೆ, ಹೊಗೆ ಎಂದು ಅವನನ್ನು ಚುಚ್ಚುತ್ತಿದ್ದರಂತೆ.

"ಸೂರ್ಯಂದೇ ಕೆಲಸ ಅಂತ ಆದ್ರೆ ಎಲ್ಲರಿಗೂ ನೆಮ್ಮದಿ ನೋಡಿ," ಎಂದ, ಭಾವನ ಭುಜಕ್ಕೆ ಕೈ ಹಾಕಿ. "ಅವನ ಮೇಲೆ ಯಾರೂ ಕೇಸು ಹಾಕೋಕಾಗಲ್ಲ. ನೋಟಿಸು ತಗೊಂಡು ಹೋದವನೇ ಬೂದಿ ಆಗ್ತಾನೆ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

ಅಕ್ಕ ಒಪ್ಪಿಕೊಂಡಳು. ಇದೊಂದು ಮುಗಿಸಿ ಹೆರಿಗೆಯವರೆಗೆ ಮನೆಯಲ್ಲಿರುತ್ತೇನೆ ಎಂದಳು. ನಾನು ಅವಳನ್ನು ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿದೆ.

"ಮತ್ತೆ ತಲೆ ಸುತ್ತಿದ್ರೆ?"

"ನೀನು ಇರ್ತೀಯಲ್ಲ."

"ನಾನಿದ್ದು ಏನು ಕಿಸೀಲಿ?"

"ನನ್ ಮುಖ ನೋಡ್ತಾ ಇರು ಸಾಕು. ಬೆಳಕು ಬಿಡೋನು ನೀನು, ಎಲ್ಲರಿಗಿಂತ ಮೊದ್ಲು ನಿಂಗೇ ಗೊತ್ತಾಗತ್ತೆ." ಪಾತ್ರೆ ಒರೆಸಿ ನನ್ನ ಕೈಗೆ ಕೊಟ್ಟಳು. "ಅವ್ರ ಜೊತೆ ಜಗಳಕ್ಕೆ ನಿಲ್ಬೇಡ. ನನ್ ಮುಖ ನೋಡು."

ಚರ್ಚೆಯ ದಿನ ಮಧ್ಯಾಹ್ನ ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿತ್ತು. ಅತಿಥಿಗಳು ಬಂದು ಕೂರುವ ಹೊತ್ತಿಗೆ ಕರೆಂಟು ಹೋಯಿತು. ಮೆಟ್ಟಿಲ ಮೇಲೆ ಜನರೇಟರು ಕೆಮ್ಮಿ ಹೊತ್ತಿಕೊಂಡಿತು. ಭಾವ ಬಾಗಿಲು ಹಾಕಿ, ಅದರ ಮೇಲೆ ದಪ್ಪ ಹಾಸಿಗೆ ಎಳೆದ. ಸದ್ದೆಲ್ಲ ಸತ್ತಿತು. ಗಾಳಿಯೂ.

ಒಂದು ಕಡೆ ಮೇಷ್ಟ್ರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಈಗ ಎಲ್ಲ ಚಾನೆಲ್ಲಿನಲ್ಲೂ ಸೂರ್ಯನ ವಕೀಲರು. ಜೇಬಿನಲ್ಲಿ ಬಾಚಣಿಗೆ, ಬಾಯಲ್ಲಿ ಜೇನು. ಇನ್ನೊಂದು ಕಡೆ ಹವಾಮಾನ ಸಂಶೋಧನೆ ಮಾಡುವ ಒಬ್ಬ ಮೇಡಂ, ತೊಡೆಯ ಮೇಲೆ ಕೈಚೀಲ ಹಿಡಿದುಕೊಂಡು, ಬಸ್ಸಿಗೆ ಕಾಯುವವರಂತೆ ಕೂತಿದ್ದರು. ನಡುವೆ ಅಕ್ಕ. ಮೂಲೆಯ ಸ್ಟೂಲಿನ ಮೇಲೆ ಧಣಿ, ತನ್ನ ದುಡ್ಡಿನ ಆಟ ನೋಡಲು.

"ಭೂಮಿಗೆ ಇರೋ ಒಲೆ ಒಂದೇ," ಎಂದು ಮೇಷ್ಟ್ರು ಶುರು ಮಾಡಿದರು. "ಒಲೆ ಜೋರಾಗಿ ಉರಿದ್ರೆ ಪಾತ್ರೆ ಜೋರಾಗಿ ಕಾಯತ್ತೆ. ಇದನ್ನ ಹೇಳೋಕೆ ಕಂಪ್ಯೂಟರ್ ಬೇಕಾ ತಂಗೀ?"

"ಒಲೆ ಜೋರಾಗಿ ಉರೀತಿದ್ಯಾ ಅಂತ ಮೊದ್ಲು ನೋಡ್ಬೇಕಲ್ಲ ಸಾರ್," ಎಂದರು ಮೇಡಂ. "ದಶಕಗಳಿಂದ ಉಪಗ್ರಹಗಳು ಅಳೀತಾ ಇವೆ. ಸೂರ್ಯ ಹೆಚ್ಚುಕಡಿಮೆ ಹನ್ನೊಂದು ವರ್ಷದ ಸುತ್ತಲ್ಲಿ ಸ್ವಲ್ಪ ಏರ್ತಾನೆ, ಸ್ವಲ್ಪ ಇಳೀತಾನೆ. ಒಟ್ಟಾರೆ ನೋಡಿದ್ರೆ ಏರಿಲ್ಲ. ಇಲ್ಲಿ ಬಿಸಿ ಮಾತ್ರ ಏರ್ತಾ ಇದೆ."

"ಹಿಂದೆ ಒಂದು ಕಾಲದಲ್ಲಿ ಸೂರ್ಯನ ಮೇಲಿನ ಕಲೆಗಳೇ ಮಾಯ ಆಗಿದ್ವು. ಆಗ ಎಂಥ ಚಳಿ ಬಿತ್ತು, ನದಿಗಳೇ ಹೆಪ್ಪುಗಟ್ಟಿದ್ವು. ಅದಕ್ಕೇನಂತೀರಿ?"

"ಹಿಂದಿನ ಏರಿಳಿತದಲ್ಲಿ ಸೂರ್ಯನ ಪಾತ್ರ ಇಲ್ಲ ಅಂತ ನಾನು ಹೇಳ್ತಿಲ್ಲ. ಒಂದು ಮಟ್ಟಿಗೆ ಇತ್ತು. ಈಗಿನ ಏರಿಕೆಗೆ ಅದು ಸಾಲಲ್ಲ, ಅಷ್ಟೇ."

"ನೋಡಿ, ಒಪ್ಪಿಕೊಂಡ್ರು," ಎಂದು ಮೇಷ್ಟ್ರು ಕ್ಯಾಮೆರಾ ಕಡೆ ತಿರುಗಿ ನಕ್ಕರು.

ನನಗೆ ಮೇಡಂ ಮೇಲೂ ಮೈಯೆಲ್ಲ ಉರಿಯಿತು. ಎದುರಿನವನು ಬಾಯಿಗೆ ಬಂದದ್ದು ಒದರುತ್ತಿದ್ದಾನೆ, ಇವರು ಔಷಧಿ ಚೀಟಿ ಓದುವವರ ಹಾಗೆ ‘ಒಂದು ಮಟ್ಟಿಗೆ’ ಅನ್ನುತ್ತಾರೆ. ಸತ್ಯಕ್ಕೆ ಇಷ್ಟು ಸಣ್ಣ ದನಿ ಯಾಕೆ?

"ಸೂರ್ಯನೇ ಕಾರಣ ಆಗಿದ್ರೆ ಮೇಲಿನ ಗಾಳಿಯೂ ಕಾಯಬೇಕಿತ್ತು," ಎಂದು ಮೇಡಂ ಮುಂದುವರಿಸಿದರು. "ತುಂಬಾ ಮೇಲಿನ ಪದರ ತಣ್ಣಗಾಗ್ತಿದೆ, ಕೆಳಗಿಂದು ಕಾಯ್ತಿದೆ. ಹಗಲಿಗಿಂತ ರಾತ್ರಿಗಳು ಬೇಗ ಬಿಸಿಯಾಗ್ತಿವೆ. ರಾತ್ರಿ ಯಾವ ಸೂರ್ಯ ಸಾರ್? ನಾವು ಸುಟ್ಟು ಬಿಟ್ಟ ಹೊಗೆ ಹೊದಿಕೆ ಥರ ಕೂತಿದೆ. ಒಳಗೆ ಬರೋ ಬಿಸಿ ಅಷ್ಟೇ ಇದೆ, ಹೊರಗೆ ಹೋಗೋದು ಕಷ್ಟ ಆಗಿದೆ."

ಹೊದಿಕೆ ಎಂದದ್ದೇ ನಾನು ಸುತ್ತಲಿನ ಗೋಡೆ ನೋಡಿದೆ. ಕಾದ ಫೋಮಿನಿಂದ ಗೋಂದಿನ ವಾಸನೆ ಬರುತ್ತಿತ್ತು. ಅಕ್ಕನೂ ಗೋಡೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಮೇಲ್ತುಟಿಯ ಮೇಲೆ ಬೆವರಿನ ಸಾಲು ಕಟ್ಟಿತ್ತು. ಗಂಡನ ಕಡೆ ಬೆರಳೆತ್ತಿ ಸನ್ನೆ ಮಾಡಿದಳು, ಸ್ವಲ್ಪ ನಿಲ್ಲಿಸೋಣ ಎಂದು. ಭಾವ ಗಾಳಿಯಲ್ಲಿ ಚಕ್ರ ತಿರುಗಿಸಿದ: ನಡೀಲಿ, ನಡೀಲಿ.

ಮೇಷ್ಟ್ರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಅವರಿಗೆ ಏನೋ ಹೊಳೆಯಿತು.

"ನಾನು ಪುಸ್ತಕ ತಂದಿಲ್ಲ, ನಕ್ಷೆ ತಂದಿಲ್ಲ. ಇಲ್ಲೇ, ಈ ರೂಮಲ್ಲೇ ತೋರಿಸ್ತೀನಿ. ಈ ರೂಮು ಕಾದಿದ್ಯೋ ಇಲ್ವೋ? ಯಾತ್ರಿಂದ? ಅಗೋ," ಎಂದು ನನ್ನ ಲೈಟುಗಳತ್ತ ಕೈ ತೋರಿಸಿದರು. "ಅದೇ ಈ ರೂಮಿನ ಸೂರ್ಯ. ಅಪ್ಪಾ ಲೈಟಿನವನೇ, ದೀಪ ಆರಿಸು. ಆರಿಸಿ ನೋಡಿ ಎಲ್ರೂ, ತಂಪಾಗತ್ತೋ ಇಲ್ವೋ."

ಭಾವನ ಕಣ್ಣು ಹೊಳೆದವು. ಇಂಥದ್ದಕ್ಕೇ ಅವನು ಹುಟ್ಟಿದ್ದು.

"ಹೀಗೆ ಮಾಡೋದು ಪ್ರಯೋಗ ಆಗಲ್ಲ," ಎಂದರು ಮೇಡಂ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಹೇಳುವುದನ್ನು ನೆಟ್ಟಗೆ ಹೇಳುತ್ತೇನೆ. ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ನನಗೆ ಖುಷಿಯಾಗಿತ್ತು. ಲೈಟು ಆರಿಸಿದರೆ ಒಂದು ಕೂದಲಿನಷ್ಟೂ ತಂಪಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೇಷ್ಟ್ರ ಮುಖಕ್ಕೆ ಎಲ್ಲರೆದುರು ಮಸಿ ಬಳಿಯಲಿ, ಭಾವ ನೋಡಲಿ, ಆಮೇಲೆ ನನ್ನ ಲೈಟಿನ ಸುದ್ದಿಗೆ ಬರುತ್ತಾನೋ ನೋಡೋಣ. ಎಲ್ಲವನ್ನೂ ಒಂದೇ ಸಲಕ್ಕೆ ಆರಿಸಿದೆ.

ಕಗ್ಗತ್ತಲು. ಕ್ಯಾಮೆರಾದ ಕೆಂಪು ಚುಕ್ಕಿಯೊಂದು ಬಿಟ್ಟರೆ ನಮ್ಮ ಕೈ ನಮಗೇ ಕಾಣದು.

"ಸ್ವಲ್ಪ ತಾಳಿ," ಎಂದಿತು ಮೇಷ್ಟ್ರ ದನಿ.

ತಾಳಿದೆವು. ಬೆವರು ಕಿವಿಯ ಹಿಂದಿನಿಂದ ಇಳಿದು ಅಂಗಿಯೊಳಗೆ ಹೋಯಿತು. ಯಾರೋ ಕಾಗದದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

"ಆಗ್ಲೇ ಹಾಯ್ ಅನ್ಸಕ್ಕೆ ಶುರುವಾಯ್ತು," ಎಂದ ಧಣಿ ಮೂಲೆಯಿಂದ, ಉಬ್ಬಸ ಬಂದವನ ಹಾಗೆ ಏದುತ್ತಾ.

ನಾನು ಕತ್ತಲಲ್ಲಿ ಹಲ್ಲು ಕಿರಿದೆ. ಮೇಷ್ಟ್ರು ಮತ್ತೆ "ಬಿಸಿ ಕೂಡಲೇ ಹೋಗಲ್ಲ, ತಾಳಿ" ಎಂದರು. ತಾಳಪ್ಪ, ಎಷ್ಟು ಬೇಕೋ ಅಷ್ಟು ತಾಳು ಎಂದುಕೊಂಡೆ. ಅವರ ಉಸಿರು ದಪ್ಪವಾಗುವುದನ್ನು ಕೇಳಿಸಿಕೊಳ್ಳುತ್ತಾ ನಿಂತಿದ್ದೆ. ಮನಸ್ಸಿಗೆ ಹಬ್ಬವಾಗಿತ್ತು.

ನೀರಿನ ಲೋಟ ಬಿದ್ದು ಉರುಳಿತು.

ಲೈಟು ಹಾಕಿದೆ. ಅಕ್ಕ ಕುರ್ಚಿಯಿಂದ ಅರ್ಧ ಜಾರಿದ್ದಳು. ಮುಖ ಸುಣ್ಣದ ಹಾಗಿತ್ತು, ತುಟಿಗೆ ಬಣ್ಣವೇ ಇರಲಿಲ್ಲ. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಮುಖ ನೋಡ್ತಾ ಇರು ಎಂದಿದ್ದಳು. ಆ ಮುಖವನ್ನು ನಾನೇ ಕತ್ತಲೆಗೆ ತಳ್ಳಿ, ಇನ್ನೊಬ್ಬನ ಸೋಲಿಗೆ ಕಾಯುತ್ತಿದ್ದೆ.

ಭಾವ ಬಾಗಿಲಿನ ಹಾಸಿಗೆ ಸರಿಸಿ ಬಾಗಿಲು ತೆಗೆದ. ಮೆಟ್ಟಿಲಿನ ಹೊಗೆ ಮೋಡದ ಹಾಗೆ ಒಳಗೆ ಬಂತು. ಎಲ್ಲರೂ ಕೆಮ್ಮಿದರು. ಅಕ್ಕ ಕೆಮ್ಮಲೂ ಆಗದೆ ಬಾಯಿ ತೆರೆದಳು.

"ಬಾಗಿಲು ಮುಚ್ಚಿ," ಎಂದು ಮೇಡಂ ಗದರಿದರು. ಅಷ್ಟು ದೊಡ್ಡ ದನಿ ಅವರಲ್ಲಿತ್ತೆಂದು ಆಗಲೇ ಗೊತ್ತಾದದ್ದು. ಕೈಚೀಲ ಎಸೆದು ಅಕ್ಕನನ್ನು ನೆಲಕ್ಕೆ ಮಗ್ಗುಲಾಗಿ ಮಲಗಿಸಿದರು. "ಗಾಳಿ ಬೇಕು ಇವರಿಗೆ. ಈ ರೂಮಲ್ಲಿ ಕಿಟಕಿ ಇಲ್ವಾ?"

ಇತ್ತು. ಎಲ್ಲಿದೆ ಎಂದು ನನಗೊಬ್ಬನಿಗೇ ಸರಿಯಾಗಿ ಗೊತ್ತಿತ್ತು. ವೈರು ಕತ್ತರಿಸುವ ಚಾಕುವಿನಿಂದ ಗೋಡೆಯನ್ನು ಸೀಳಿದೆ. ಪದರದ ಹಿಂದೆ ಪದರ ಕಿತ್ತೆಸೆದೆ. ನಾನೇ ಹೊಡೆದ ಪಿನ್ನುಗಳು ಉಗುರಿನೊಳಗೆ ಹೊಕ್ಕವು. ಕೊನೆಗೆ ಆ ಮೊದಲ ಹಳೆಯ ಹಾಸಿಗೆ, ಅದರ ಹಿಂದೆ ಕಿಟಕಿ, ಕಿಟಕಿಯ ಸುತ್ತ ನನ್ನದೇ ಸ್ಕ್ರೂಗಳು. ಅಚ್ಚುಕಟ್ಟು ಕೆಲಸ.

ಲೈಟಿನ ಸ್ಟ್ಯಾಂಡು ಎತ್ತಿ ಗಾಜಿಗೆ ಹೊಡೆದೆ. ಇನ್ನೊಂದು ಏಟಿಗೆ ಚೌಕಟ್ಟಿನ ಅರ್ಧ ಹಾರಿಹೋಯಿತು. ಕೆಳಗೆ ಅಂಗಡಿಯವನು ನಮ್ಮ ವಂಶವನ್ನೆಲ್ಲ ಎತ್ತಿ ಬೈದ. ಒಳಗೆ ಬಂದದ್ದು ಬಿಸಿಲಲ್ಲಿ ಬೆಂದ ಬೀದಿಯ ಗಾಳಿ, ಧೂಳು, ಹಾರ್ನು. ಆದರೂ ಅದು ಗಾಳಿ. ಮೇಡಂ ಒದ್ದೆ ಬಟ್ಟೆಯಿಂದ ಅಕ್ಕನ ಕತ್ತು, ಕೈ ಒರೆಸಿದರು. ಕಿಟಕಿಯ ಹತ್ತಿರ ಎತ್ತಿ ಕೂರಿಸಿದೆವು. ಕೂದಲು ಹಾರಿತು. ಕಣ್ಣು ಮುಚ್ಚಿಕೊಂಡೇ ಅವಳು ಉದ್ದಕ್ಕೆ ಉಸಿರೆಳೆದು, "ಅಬ್ಬಾ" ಎಂದು ಸಣ್ಣಗೆ ನಕ್ಕಳು.

ಆಸ್ಪತ್ರೆಯಲ್ಲಿ ತಾಯಿಗೂ ಮಗುವಿಗೂ ಅಪಾಯವಿಲ್ಲ ಎಂದರು. ಇನ್ನೊಂದು ಸಲ ಹೀಗಾದರೆ ನಮ್ಮ ಕೈಯಲ್ಲೂ ಇಲ್ಲ ಎಂದರು. ಭಾವ ಅಲ್ಲಿ ಅತ್ತದ್ದು ಹೌದು, ಸುಳ್ಳು ಯಾಕೆ ಹೇಳಲಿ. ಅತ್ತು, ಮುಖ ತೊಳೆದುಕೊಂಡು, ಹೋಗಿ ಕತ್ತರಿಸಲು ಕೂತ.

ಆ ಚರ್ಚೆಯನ್ನು ನಾನು ನೋಡಿದ್ದು ಫೋನಿನಲ್ಲಿ, ಎಲ್ಲರ ಹಾಗೆ. ತಲೆಬರಹ: ‘ದೀಪ ಆರಿಸಿದ ಕೂಡಲೇ ಏನಾಯ್ತು? ಮೇಷ್ಟ್ರ ಒಂದೇ ಏಟಿಗೆ ಎಲ್ಲರೂ ಗಪ್‌ಚುಪ್’. ಮೇಷ್ಟ್ರು ದೀಪ ಆರಿಸು ಅನ್ನುತ್ತಾರೆ. ಕತ್ತಲಾಗುತ್ತದೆ. ಒಂದು ಉಸಿರು ಬಿಡುವಷ್ಟು ಹೊತ್ತು ಕತ್ತಲು. ಆಮೇಲೆ, ಕಿಟಕಿಯ ಹತ್ತಿರ ಕೂರಿಸಿದಾಗ ಭಾವ ಯಾವ ಮಾಯದಲ್ಲೋ ಕ್ಯಾಮೆರಾ ತಿರುಗಿಸಿ ಹಿಡಿದದ್ದು, ತೆರೆಯ ತುಂಬ ಅಕ್ಕನ ಮುಖ, ಹಾರುವ ಕೂದಲು, ಮುಚ್ಚಿದ ಕಣ್ಣು, "ಅಬ್ಬಾ" ಎನ್ನುವ ನಗು. ಹಿಂದಿನಿಂದ ಧಣಿಯ ದನಿ, "ಹಾಯ್ ಅನ್ಸಕ್ಕೆ ಶುರುವಾಯ್ತು." ಕೊನೆಗೆ, ಶುರುವಿನಲ್ಲೆಲ್ಲೋ ನಕ್ಕ ಮೇಷ್ಟ್ರ ನಗುವನ್ನು ತಂದು ಅಂಟಿಸಿದ್ದ: "ನೋಡಿ, ಒಪ್ಪಿಕೊಂಡ್ರು." ಹೊದಿಕೆಯ ಮಾತು ಇಲ್ಲ. ರಾತ್ರಿಯ ಮಾತು ಇಲ್ಲ. ಮೇಡಂ ಬಾಯಲ್ಲಿ ಉಳಿದದ್ದು ‘ಒಂದು ಮಟ್ಟಿಗೆ ಇತ್ತು’ ಮಾತ್ರ.

ಕೆಳಗೆ ಜನ ಬರೆದಿದ್ದರು: ಸೂಪರ್ ಮೇಷ್ಟ್ರೇ. ಕಣ್ಣು ತೆರೆಸಿದಿರಿ.

ಫೋನು ಹಿಡಿದು ನೇರ ಭಾವನ ಕೋಣೆಗೆ ನುಗ್ಗಿದೆ. ಅಕ್ಕ ಅಲ್ಲೇ ಮಂಚದ ಮೇಲೆ ಒರಗಿದ್ದಳು.

"ಇದೇನು ಹೊಲಸು ಭಾವ?"

"ಯಾವುದು?"

"ಅವಳು ಸಾಯ್ತಿದ್ಲು. ನೀವು ಅದನ್ನ ತಂಪು ಅಂತ ಮಾರಿದೀರಿ."

"ಇದ್ರಲ್ಲಿ ಸುಳ್ಳೆಲ್ಲಿದೆ ತೋರ್ಸು," ಎಂದ, ಕುರ್ಚಿ ತಿರುಗಿಸಿ. "ದೀಪ ಆರಿಸಿದ್ದು ನಿಜ. ಅವಳು ನಕ್ಕಿದ್ದು ನಿಜ. ಯಾರೂ ನಟಿಸಿಲ್ಲ. ಎಲ್ಲ ಆ ರೂಮಲ್ಲೇ ಆಗಿದ್ದೇ."

"ಮಧ್ಯದ್ದು?"

"ಮಧ್ಯದ್ದು ಬರೀ ಕತ್ಲು. ಕತ್ಲನ್ನ ಯಾರು ನೋಡ್ತಾರೋ?" ಅವನು ಮತ್ತೆ ಪರದೆಯ ಕಡೆ ತಿರುಗಿದ. "ಹೊಸ ಗಾಜಿಗೆ ಹೇಳಿದೀನಿ. ಬಂದ ಕೂಡ್ಲೇ ಹಾಸಿಗೆ ಹೊಡಿ. ಈ ಸಲ ಇನ್ನೂ ಒಂದು ಪದರ ಜಾಸ್ತಿ ಹಾಕು, ಕಿಟಕಿ ಕಡೆಯಿಂದ ಸದ್ದು ಬರ್ತಿದೆ."

ನಾನು ಅವನ ಕುರ್ಚಿಯ ಬೆನ್ನು ಹಿಡಿದೆ. ಮುಂದೇನು ಮಾಡುತ್ತಿದ್ದೆನೋ ನನಗೂ ಗೊತ್ತಿಲ್ಲ.

"ಫೋನ್ ಕೊಡು ಇಲ್ಲಿ," ಎಂದಳು ಅಕ್ಕ.

ಕೊಟ್ಟೆ. ಅವಳು ಮೊದಲಿನಿಂದ ಕೊನೆಯವರೆಗೆ ನೋಡಿದಳು. ತನ್ನ ಮುಖ ಬರುವ ಜಾಗಕ್ಕೆ ಹಿಂದೆ ಹೋಗಿ ಮತ್ತೆ ನೋಡಿದಳು. ಬೈಯುತ್ತಾಳೆ, ಅಳುತ್ತಾಳೆ, ಫೋನನ್ನು ಅವನ ಮುಖಕ್ಕೆ ಎಸೆಯುತ್ತಾಳೆ ಎಂದು ಕಾದೆ.

"ಚೆನ್ನಾಗಿ ಕತ್ತರಿಸಿದೀರಿ," ಎಂದಳು ಗಂಡನಿಗೆ.

"ಅಲ್ವಾ?" ಎಂದು ಅವನು ಅರಳಿದ.

"ಇದಕ್ಕೆ ಎರಡನೇ ಭಾಗ ಮಾಡೋಣ. ಜನ ಕಾಯ್ತಿದಾರೆ. ಲೈವ್ ಹೋಗೋಣ. ನಾನೊಬ್ಳೇ ಕೂತ್ಕೊಂಡು ಮಾತಾಡ್ತೀನಿ. ಗಾಜು ಆಮೇಲೆ ಹಾಕಿಸಿದ್ರಾಯ್ತು."

ಭಾವ ಆಗಲೇ ಬೆರಳು ಮಡಚಿ ಎಷ್ಟು ಜನ ಬರಬಹುದೆಂದು ಲೆಕ್ಕ ಹಾಕುತ್ತಿದ್ದ. ನಾನು ಬಾಗಿಲು ಒದ್ದು ಹೊರಗೆ ಬಂದೆ. ಅವನು ಕೆಟ್ಟವನೆಂದು ನನಗೆ ಮೊದಲೇ ಗೊತ್ತಿತ್ತು. ಅವಳೂ ಅವನ ಜೊತೆ ಸೇರಿಕೊಳ್ಳುತ್ತಾಳೆಂದು ಗೊತ್ತಿರಲಿಲ್ಲ. ಅಂದು ಅವಳು ಎರಡು ಸಲ ಕರೆದರೂ ಊಟಕ್ಕೆ ಹೋಗಲಿಲ್ಲ.

ಆದರೂ ಲೈವಿನ ದಿನ ಹೋದೆ. ಅಂದೂ ಕರೆಂಟು ಹೋಗಿ, ಮೆಟ್ಟಿಲ ಮೇಲೆ ಜನರೇಟರು ಓಡುತ್ತಿತ್ತು. ಮುಖ ನೋಡುವ ಕೆಲಸ ಬಾಕಿ ಇತ್ತು.

ಅಕ್ಕ ಒಳಗೆ ಬಂದವಳೇ ತನ್ನ ಕುರ್ಚಿಯನ್ನು ಕಿಟಕಿಯ ಮುಂದಕ್ಕೆ ಎಳೆಸಿದಳು. ಹರಿದ ಫೋಮು, ಮುರಿದ ಚೌಕಟ್ಟು, ಹಲ್ಲು ಹಲ್ಲಾಗಿ ನಿಂತ ಗಾಜು ಎಲ್ಲ ಅವಳ ಬೆನ್ನ ಹಿಂದೆ.

"ಅಲ್ಲಿ ಬೇಡ," ಎಂದ ಭಾವ. "ಹಾರ್ನು ಬರತ್ತೆ. ಮೇಲಾಗಿ ಹಿಂದೆ ಬಿಸಿಲು, ನಿನ್ ಮುಖ ಕಪ್ಪಾಗಿ ಕಾಣತ್ತೆ."

"ಒಡೆದ ಕಿಟಕಿ ನೋಡಿ ಯಾರಾದ್ರೂ ಮುಂದಕ್ಕೆ ತಳ್ತಾರೇನ್ರೀ? ಏನಾಯ್ತು ಅಂತ ನಿಂತು ನೋಡ್ತಾರೆ. ನೀವೇ ಹೇಳ್ಕೊಟ್ಟಿದ್ದು." ಆಮೇಲೆ ನನ್ನ ಕಡೆ ತಿರುಗಿದಳು. "ಮುಖ ಕಪ್ಪಾಗದ ಹಾಗೆ ಮಾಡೋಕೆ ಇವನಿದಾನಲ್ಲ. ಎಷ್ಟು ಲೈಟಿವೆಯೋ ಅಷ್ಟೂ ಹಾಕು ಕಣೋ. ಪೂರ್ತಿ ಹಾಕು."

ಹಿಂದೆ ಅಷ್ಟು ಬಿಸಿಲಿದ್ದಾಗ ಮುಂದಿನಿಂದ ಅದರ ಸಮಕ್ಕೆ ಬೆಳಕು ಬಿಡಬೇಕು, ಇಲ್ಲದಿದ್ದರೆ ಮುಖ ಬರೀ ನೆರಳಾಗುತ್ತದೆ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಹಳದಿ ಬಲ್ಬಿನ ಒಂದು ಲೈಟನ್ನೂ ಸೇರಿಸಿ, ಇದ್ದಬದ್ದದ್ದನ್ನೆಲ್ಲ ಅವಳ ಕಡೆ ತಿರುಗಿಸಿ ಪೂರ್ತಿ ಏರಿಸಿದೆ. ಆ ಕೋಣೆ ಅಷ್ಟು ಬೆಳಕನ್ನು ಎಂದೂ ಕಂಡಿರಲಿಲ್ಲ. ಧಣಿ ತನ್ನ ಸ್ಟೂಲಿನ ಮೇಲೆ ಕೂತು ಕಣ್ಣಿಗೆ ಕೈ ಅಡ್ಡ ಹಿಡಿದ. ಆಗಲೇ ನನಗೆ ಹೊಳೆದದ್ದು, ಅವಳು ಏನು ಮಾಡುತ್ತಿದ್ದಾಳೆ ಎಂದು.

ಭಾವ ಬೆರಳೆತ್ತಿದ. ಕೆಂಪು ಚುಕ್ಕಿ ಹತ್ತಿತು.

"ನಮಸ್ಕಾರ," ಎಂದಳು ಅಕ್ಕ, ಹುಬ್ಬೇರಿಸಿ. "ದೀಪ ಆರಿಸಿದ ಕೂಡ್ಲೇ ನಾನು ನಕ್ಕಿದ್ದನ್ನ ನೀವೆಲ್ಲ ನೋಡಿದೀರಿ. ಆ ಎರಡರ ಮಧ್ಯೆ ಕತ್ಲಲ್ಲಿ ಏನಾಯ್ತು? ನನ್ನ ಹಿಂದಿರೋ ಈ ಕಿಟಕಿ ಯಾಕೆ ಒಡೀತು? ಹೇಳ್ತೀನಿ. ಎಲ್ಲೂ ಹೋಗ್ಬೇಡಿ."

ಭಾವನ ನಗು ಅರ್ಧದಲ್ಲಿ ನಿಂತಿತು. ಪರದೆಯ ಮೂಲೆಯಲ್ಲಿ ನೋಡುವವರ ಸಂಖ್ಯೆ ಸರಸರ ಏರತೊಡಗಿತು. ಅವನ ಕೈ ನಿಲ್ಲಿಸುವ ಗುಂಡಿಯ ಹತ್ತಿರ ಹೋಯಿತು.

"ಇಲ್ಲಿ ನೋಡಿ," ಎಂದು ಅಕ್ಕ ಕೈಯನ್ನು ಬೆಳಕಿಗೆ ಚಾಚಿದಳು. "ಈಗ ಎಲ್ಲ ದೀಪ ಹಾಕಿಸಿದೀನಿ. ಅವತ್ತು ಉರೀತಿದ್ದಕ್ಕಿಂತ ಜಾಸ್ತಿ. ಮೇಷ್ಟ್ರ ಲೆಕ್ಕದಲ್ಲಿ ನಾನು ಈಗ ಬೆಂದುಹೋಗ್ಬೇಕು. ಕಿಟಕಿ ಒಂದು ತೆಗೆದಿದೆ, ಅಷ್ಟೇ ವ್ಯತ್ಯಾಸ." ಮೂಲೆಯತ್ತ ತಿರುಗಿದಳು. "ಯಾಕ್ರೀ, ಅವತ್ತು ಕತ್ಲಲ್ಲಿ ಕೂತು ಬೆವರಿ ನೀರಾಗಿದ್ರಲ್ಲ, ಇವತ್ತು ಸೆಕೆ ಆಗ್ತಿದ್ಯಾ?"

ಧಣಿ ಕ್ಯಾಮೆರಾ ಕಡೆ ನೋಡಿದ. ಆಮೇಲೆ ಎದ್ದು, ಬಾಗಿಲು ತೆರೆದಿಟ್ಟೇ ಹೊರಟ. ಮೆಟ್ಟಿಲ ಮೇಲೆ ತನ್ನದೇ ಜನರೇಟರಿನ ಹೊಗೆಗೆ ಕೆಮ್ಮಿದ್ದು ಮೈಕಿಗೆ ಸ್ಪಷ್ಟವಾಗಿ ಬಂತು.

ಭಾವನ ಬೆರಳು ಗುಂಡಿಯ ಮೇಲೆಯೇ ಇತ್ತು. ಒತ್ತಿದರೆ ಅವಳ ಬಾಯಿ ಮುಚ್ಚುತ್ತದೆ, ಏರುತ್ತಿರುವ ಸಂಖ್ಯೆಯೂ ನಿಲ್ಲುತ್ತದೆ. ಅವನು ಸಂಖ್ಯೆ ನೋಡಿದ, ಅವಳನ್ನು ನೋಡಿದ, ಮತ್ತೆ ಸಂಖ್ಯೆ ನೋಡಿದ. ಮೈಯಲ್ಲಿರುವ ರೋಗ ಸುಮ್ಮನೆ ಬಿಡುತ್ತದೆಯೇ? ಒತ್ತಲಿಲ್ಲ. ನನ್ನ ಕಡೆ ತಿರುಗಿ, ಸದ್ದಿಲ್ಲದೆ ಬಾಯಿ ಆಡಿಸಿದ: ನಾಳೆಯಿಂದ ನೀನು ಬರಬೇಡ.

ಬರದಿದ್ದರೆ ಗೋಡೆಗೆ ಹಾಸಿಗೆ ಹೊಡೆಯುವವರು ಯಾರೆಂದು ಕೇಳಬೇಕೆನಿಸಿತು. ಕೇಳಲಿಲ್ಲ, ಮೈಕು ತೆರೆದಿತ್ತು. ಕೆಳಗೆ ಒಂದು ಬಸ್ಸು ಉದ್ದಕ್ಕೆ ಹಾರ್ನು ಬಾರಿಸಿತು. ಅಕ್ಕ ಅದು ಮುಗಿಯುವವರೆಗೆ ತಡೆದು, "ಈಗ ಹೊದಿಕೆ ವಿಷಯಕ್ಕೆ ಬರ್ತೀನಿ. ಅವತ್ತು ಮೇಡಂ ಹೇಳಿದ್ದು, ನಿಮಗೆ ಕೇಳಿಸದೇ ಇದ್ದದ್ದು," ಎಂದಳು. ನೆಲದಿಂದ ಹರಿದ ಫೋಮಿನ ತುಂಡೊಂದನ್ನು ಎತ್ತಿ ಮೇಜಿನ ಮೇಲಿಟ್ಟಳು. ಅದರ ಅಂಚಿನಲ್ಲಿ ನನ್ನ ಪಿನ್ನುಗಳು ಸಾಲಾಗಿ ಹೊಳೆಯುತ್ತಿದ್ದವು.

ನಾನು ಅವಳ ಮುಖ ನೋಡುತ್ತಾ ನಿಂತೆ. ಮೇಲ್ತುಟಿಯ ಮೇಲೆ ಒಂದು ಹನಿ ಬೆವರಿರಲಿಲ್ಲ.